ಎಡಕ್ಕೆ ತಿರುಗಿದ ಡಿಎನ್‌ಎ

ಹುಕ್ಕೇರಿಯ ಪಾರಿಸ ಮೀಸೆ ಮೂಡಿದಾಗಿನಿಂದ ಕಬ್ಬಿಣದ ಸುರುಳಿ ಮೆಟ್ಟಿಲು ವೆಲ್ಡಿಂಗ್ ಮಾಡುತ್ತ ಬಂದವನು. ಗೋಕಾಕ ಕಡೆಯ ಕಾಲೇಜೊಂದರವರು ಗೇಟಿನ ಮುಂದೆ ನಿಲ್ಲಿಸಲು ಡಿಎನ್‌ಎ ಶಿಲ್ಪ ಬೇಕೆಂದು ಚಿತ್ರ ತಂದಾಗ ಅವನಿಗೆ ನಗು ಬಂತು. "ಇದು ನಮ್ಮ ಮೆಟ್ಟಲಾನ ಐತಲ್ರಿ. ಹತ್ತವ್ರು ಯಾರೂ ಇಲ್ಲ, ಅಷ್ಟ."

ಎರಡಾಳೆತ್ತರದ ಶಿಲ್ಪ ಅಂಗಳದಲ್ಲಿ ಎದ್ದು ನಿಂತಿತು. ನೋಡಲು ಬಂದ ಜೀವಶಾಸ್ತ್ರದ ಸುಮನ್ ಮೇಡಂ ಅದನ್ನೊಮ್ಮೆ ಸುತ್ತು ಹಾಕಿ ಮೆಲ್ಲಗೆ ಹೇಳಿದರು: "ಕಾಕಾ, ಭಾಳ ಚಂದ ಆಗೇತ್ರಿ. ಆದ್ರ ಎಡಕ್ಕ ತಿರುಗೇತಿ. ನಮ್ಮ ಮೈಯಾಗಿಂದು ಬಲಕ್ಕ ತಿರುಗತೈತಿ."

ಮೆಟ್ಟಿಲುಗಳನ್ನು ಎಡಕ್ಕೇ ತಿರುಗಿಸಿ ರೂಢಿಬಿದ್ದ ಕೈ ಇದನ್ನೂ ತನ್ನ ಪಾಡಿಗೆ ತಾನು ಹಾಗೇ ತಿರುಗಿಸಿಬಿಟ್ಟಿತ್ತು. ಪಾರಿಸ ಬೇಸರಿಸದೆ ಬಲಕ್ಕೆ ತಿರುಗುವ ಇನ್ನೊಂದನ್ನು ಮಾಡಿ ಕಳಿಸಿದ. ಮೊದಲಿನದಕ್ಕೆ ಹೆಂಡತಿ ಇಂದುಬಾಯಿ ಹೀರೆ ಬಳ್ಳಿ ಹಬ್ಬಿಸಿದಳು.

ಕಾಲೇಜಿನಲ್ಲಿ ಶಾಲು ಹೊದಿಸಿಕೊಂಡು ಬಂದ ಸಂಜೆ ಅವನು ಅಂಗಳದ ಶಿಲ್ಪ ತೋರಿಸಿ ಹೆಮ್ಮೆಯಿಂದ ವಿವರಿಸಿದ: "ನಮ್ಮ ಮಾರಿ, ಬಣ್ಣ ಎಲ್ಲಾ ಇದರಾಗ ಇರತೈತಂತ. ಮಗಳು ಭಕ್ತಿಗೆ ನನ್ನ ಮೂಗು ಬಂದದ್ದೂ ಇದರಿಂದನ."

ಹೀರೇಕಾಯಿ ಕೀಳುತ್ತಿದ್ದ ಇಂದುಬಾಯಿ ಅವನ ಚಪ್ಪಟೆ ಮೂಗನ್ನು ಒಮ್ಮೆ ದಿಟ್ಟಿಸಿದಳು. "ಅದನ್ನೊಂದೀಟು ತಿದ್ದಾಕ ಬರತಿರಲಿಲ್ಲೇನ್ರಿ?"

ಪಾರಿಸ ಮೂಗು ಮುಟ್ಟಿಕೊಂಡು ನಕ್ಕ. ಒಳಗಿನಿಂದ ಭಕ್ತಿಯ ನಗು ಅವನದಕ್ಕಿಂತ ಜೋರಾಗಿ ಕೇಳಿಸಿತು.