ಹವಾಲ್ದಾರರ ಅರ್ಧ ನಿಮಿಷ

ಸಖರಾಯಪಟ್ಟಣದ ಹವಾಲ್ದಾರ್ ಸಣ್ಣಬೀರಪ್ಪನವರು ಸೈನ್ಯದಲ್ಲಿ ಹದಿನೇಳು ವರ್ಷ ವೈರ್‌ಲೆಸ್ ಹೊತ್ತವರು. ಹಿಮಾಲಯದ ಶಿಖರವೊಂದಕ್ಕೆ ಹೊರಟ ಸೈನಿಕರ ತಂಡದಲ್ಲೂ ಅವರ ಬೆನ್ನ ಮೇಲಿದ್ದದ್ದು ಅದೇ ಪೆಟ್ಟಿಗೆ. ಕೊನೆಯ ಡೇರೆಯಲ್ಲಿ ಕೂತು, ಮೇಲೆ ಹತ್ತುತ್ತಿದ್ದವರಿಗೆ ಗಾಳಿ ಹಿಮದ ಸುದ್ದಿ ಹೇಳುವುದು ಅವರ ಕೆಲಸ. ಊರಿನವರು "ತುದಿ ಮುಟ್ಟಿದ್ರಾ?" ಎಂದು ಕೇಳಿದರೆ, "ನನ್ ದನಿ ಮುಟ್ಟಿತು ಕಣ್ರೀ" ಎನ್ನುತ್ತಿದ್ದರು.

ಅಂಥ ದನಿಗೆ ನಿವೃತ್ತಿಯ ಮೇಲೆ ಮನೆಯಲ್ಲಿ ಗಿರಾಕಿಯೇ ಇರಲಿಲ್ಲ. "ತೆಂಗಿನ ಮರಕ್ಕೆ ಹೇಳ್ಕಳಿ, ಅದು ಎಲ್ಲೂ ಎದ್ದೋಗಲ್ಲ," ಎಂದು ಹೆಂಡತಿ ತಿಮ್ಮಕ್ಕ ಎದ್ದು ಹೋಗುತ್ತಿದ್ದರು. ಹಾಗಾಗಿ ಕಡೂರಿನಲ್ಲಿ ರೈತರಿಗೆಂದು ಪುಟ್ಟ ಬಾನುಲಿ ಕೇಂದ್ರವೊಂದು ಶುರುವಾದಾಗ ಮೊದಲ ಬಸ್ಸಿಗೇ ಹೋಗಿ ನಿಂತರು. ಕೇಂದ್ರ ನೋಡಿಕೊಳ್ಳುವ ನಿಖಿತಾ, "ಸೋಮವಾರ ಒಂದು ಕಾರ್ಯಕ್ರಮ ಮಾಡಿ ಸರ್. ಸರಿಹೋದ್ರೆ ವಾರವಾರ ನಿಮ್ದೇ," ಎಂದಳು. ಅಲ್ಲಿಂದ ಮೂರು ದಿನ ಸಣ್ಣಬೀರಪ್ಪನವರಿಗೆ ಅನ್ನ ಸೇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಕೂತು ಎಂಟು ಹಾಳೆ ಬರೆದರು.

ಸೋಮವಾರ ಪ್ರಸಾರದ ಕೆಂಪು ದೀಪ ಹೊತ್ತಿತು.

"ನಮಸ್ಕಾರ. ತೋಟಕ್ಕೆ ನೀರು ಬಿಟ್ರಾ? ಓವರ್."

ಅಷ್ಟು ಹೇಳಿ ಬಾಯಿ ಮುಚ್ಚಿದರು. ವೈರ್‌ಲೆಸ್‌ನಲ್ಲಿ ಒಬ್ಬರು 'ಓವರ್' ಎಂದು ನಿಲ್ಲಿಸದೆ ಇನ್ನೊಬ್ಬರು ಮಾತಾಡುವಂತಿಲ್ಲ. ಎದುರಿನವರಿಗೆ ಜಾಗ ಬಿಡುವುದು ಅಲ್ಲಿಯ ಮರ್ಯಾದೆ. ಹತ್ತು ಸೆಕೆಂಡು ಕಳೆಯಿತು. ಇಪ್ಪತ್ತು. ಕಡೂರಿನಿಂದ ಅಜ್ಜಂಪುರದವರೆಗೆ ಗಾಳಿಯಲ್ಲಿ ಬರೀ ಮೌನ. ಗಾಜಿನಾಚೆ ನಿಖಿತಾ ಎರಡೂ ಕೈ ಬೀಸುತ್ತಿದ್ದಳು. ತಾಳಮ್ಮ, ಉತ್ತರ ಬರುತ್ತೆ ಎನ್ನುವಂತೆ ಇವರು ಅಂಗೈ ತೋರಿಸಿದರು.

ಅರ್ಧ ನಿಮಿಷಕ್ಕೆ ಕೇಂದ್ರದ ಫೋನು ಬಡಿದುಕೊಂಡಿತು. ಅಮೃತಾಪುರದ ಹಾಲಮ್ಮ.

"ಬೆಳಗ್ಗೇನೇ ಬಿಟ್ಟೆ ಕಣಪ್ಪಾ! ಆಗ್ಲಿಂದ ರೇಡಿಯೋಗೆ ಹೇಳ್ತಾನೇ ಇದೀನಿ, ನೀನು ಹೂಂ ಅನ್ಬಾರ್ದಾ?"

ಅದು ಮುಗಿಯುವಷ್ಟರಲ್ಲಿ ಅಜ್ಜಂಪುರದ ಕೆಂಚಪ್ಪ.

"ನಾನೂ ಬಿಟ್ಟೆ, ಪೈಪು ಒಡೆದೋಯ್ತು. ಈಗೇನ್ಮಾಡ್ಲಿ, ಹೇಳಿ."

ಫೋನುಗಳ ನಡುವೆ ಕಾರ್ಯಕ್ರಮದ ಹೊತ್ತು ಮುಗಿದೇ ಹೋಯಿತು. ಬರೆದು ತಂದಿದ್ದ ಎಂಟು ಹಾಳೆ ಮಡಿಕೆಯೂ ಬಿಚ್ಚದೆ ಜೇಬಿನಲ್ಲೇ ಉಳಿಯಿತು.

ನಿಖಿತಾ ಒಳಬಂದಾಗ ಸಣ್ಣಬೀರಪ್ಪನವರು ಶಿಕ್ಷೆಗೆ ಕಾದವರಂತೆ ನೆಟ್ಟಗೆ ನಿಂತರು.

"ಸರ್, ಇಲ್ಲಿ ಮಾತು ನಿಂತ್ರೆ ಕೇಂದ್ರವೇ ಕೆಟ್ಟೋಯ್ತು ಅನ್ಕೋತಾರೆ ಜನ."

"ತಪ್ಪಾಯ್ತಮ್ಮ. ಬತ್ತೀನಿ."

"ಎಲ್ಲಿಗೆ ಹೊರಟ್ರಿ? ಮುಂದಿನ ಸೋಮವಾರಾನೂ ಬರ್ಬೇಕು. ಆದ್ರೆ ಸುಮ್ನಿರೋದು ಹತ್ತೇ ಸೆಕೆಂಡು."

ಸಣ್ಣಬೀರಪ್ಪನವರು ಬಾಗಿಲಲ್ಲೇ ತಿರುಗಿದರು.

"ಇಪ್ಪತ್ತು ಮಾಡಮ್ಮ. ಹಾಲಮ್ಮನೋರು ಕನ್ನಡಕ ಹುಡ್ಕಿ, ನಂಬರ್ ಒತ್ಬೇಕಲ್ಲ."

ನಿಖಿತಾ ಹದಿನೈದಕ್ಕೆ ಒಪ್ಪಿದಳು.