ಗಂಗವ್ವನ ಹಸಿರು ಕುಪ್ಪಸ

ಗೆಳೆಯರೇ, ಇವತ್ತು ಗದಗದ ಹಬ್ಬದ ಕಥಾ ಸ್ಪರ್ಧೆಯಲ್ಲಿ ಊರವರು ತಾವೇ ಬರೆದ ಕತೆ ಓದಿದರು. ಕಾರ್ಯಕ್ರಮದ ನಿರೂಪಣೆ ನನ್ನದು. ಬೆಟಗೇರಿಯ ದರ್ಜಿ ಖಾದರಸಾಬರ ಕತೆಯಲ್ಲಿ, ಎಂಬತ್ತರ ದಶಕದ ದರ್ಜಿಯೊಬ್ಬ ಮದುಮಗಳ ಹಸಿರು ಕುಪ್ಪಸವನ್ನು ಇಸ್ತ್ರಿ ಮಾಡುವಾಗ ಸುಟ್ಟು, ಇಲಿ ಕಡಿಯಿತೆಂದು ಸುಳ್ಳು ಹೇಳುತ್ತಾನೆ.

ಓದು ಅಲ್ಲಿಗೆ ಬಂದಾಗ ಸಭೆಯ ಮುಂದಿನ ಸಾಲಿನಿಂದ ಗಂಗವ್ವ ಎದ್ದರು. “ಖಾದರಣ್ಣಾರ, ಅದು ನನ್ನ ಕುಪ್ಪಸ ಹೌದಲ್ರಿ?”

“ಇದು ಬರೇ ಕತಿ ಐತಿ, ತಂಗಿ.”

“ಹಂಗಾರ ನನ್ನ ಮಾರಿ ನೋಡಿ ಹೇಳ್ರಿ.”

ಖಾದರಸಾಬರು ಕನ್ನಡಕ ತೆಗೆದರು. “ತಪ್ಪಾತವ್ವಾ. ಇಷ್ಟು ವರ್ಷ ಹೇಳಾಕ ಧೈರ್ಯ ಆಗಲಿಲ್ಲ.”

“ಇರ್ಲಿ, ಮುಂದ ಓದ್ರಿ. ಆಕಿ ಮದುವಿಗೆ ಏನ್ ಹಾಕ್ಕೊಂಡ್ಲು?”

“ಅದು ನನಗ ಗೊತ್ತಿಲ್ಲವ್ವಾ.”

ಗಂಗವ್ವ ವೇದಿಕೆ ಹತ್ತಿ ಉಳಿದದ್ದನ್ನು ತಾವೇ ಹೇಳಿದರು. ದಪ್ಪನೆಯ ಸೋದರತ್ತೆಯ ದೊಗಳೆ ಕುಪ್ಪಸಕ್ಕೆ ಹನ್ನೆರಡು ಪಿನ್ನು ಹಾಕಿಕೊಂಡು, ಅವು ಮೈಗೆ ಚುಚ್ಚದಂತೆ ಉಸಿರು ಬಿಗಿಹಿಡಿದು ತಾಳಿ ಕಟ್ಟಿಸಿಕೊಂಡಿದ್ದರಂತೆ. ಖಾದರಸಾಬರೂ ಸೇರಿ ಸಭೆಯೆಲ್ಲ ನಕ್ಕಿತು.

ಮೊದಲ ಬಹುಮಾನ ಗಂಗವ್ವನಿಗೇ ಹೋಯಿತು. ಅವರು ಬರೆದದ್ದು ಒಂದೇ ಸಾಲು, ಬಹುಮಾನ ಪಡೆದದ್ದಕ್ಕೆ ಸಹಿ.