ಶುಕ್ರವಾರದ ಸೂರ್ಯಾಸ್ತಕ್ಕೆ ಒಬ್ಬ ಸಾಕ್ಷಿ

೨೦೦೬ನೇ ಇಸವಿ ನವೆಂಬರ್ ೧೭, ಶುಕ್ರವಾರ. ಆಧಾರ: ಕಂದು ರಟ್ಟಿನ ನನ್ನ ದಿನಚರಿ. ವಾರವನ್ನು ಅಡಿಗೆಮನೆಯ ಹಳೆಯ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಸೂರ್ಯಾಸ್ತದ ವೇಳೆಯನ್ನು ಪಂಚಾಂಗದಿಂದ ತೆಗೆದುಕೊಂಡು, ಅದು ಬೇರೆ ಊರಿಗಾಗಿ ಮುದ್ರಿಸಿದ್ದಾದ್ದರಿಂದ ಕಾರವಾರಕ್ಕೆ ಸಲ್ಲಬೇಕಾದ ನಿಮಿಷಗಳನ್ನು ಸರಿಹೊಂದಿಸಿ, ಆರು ಗಂಟೆ ಒಂದು ನಿಮಿಷ ಎಂದು ನಿರ್ಧರಿಸಿದ್ದೇನೆ. ದಿನಚರಿಯ ಆ ಪುಟದಲ್ಲಿರುವುದು ಇಷ್ಟೇ: "ಎಜ್ರಾ ಬಂದದ್ದು ೬-೦೯. ಎದೆ ಹೊಡೆದುಕೊಂಡಿತು. ಊಟ ಸೇರಲಿಲ್ಲ."

ಹಳೆಯ ದಾಖಲೆಗಳ ನಡುವೆ ಆಯುಷ್ಯ ಕಳೆದು ನಿವೃತ್ತನಾದವನು ನಾನು. ಒಬ್ಬನೇ ಅರಸ ಎರಡು ಶಾಸನಗಳ ಪ್ರಕಾರ ಎರಡು ಬೇರೆ ವರ್ಷಗಳಲ್ಲಿ ಸತ್ತದ್ದನ್ನು ಕಂಡಾಗಲೂ ನನಗೆ ಊಟ ಸೇರಿದೆ. ನಿಜ ಹೇಳಬೇಕೆಂದರೆ ಅಂಥ ದಿನ ಎರಡು ತುತ್ತು ಹೆಚ್ಚೇ ಸೇರಿದೆ. ಹಾಗಿರುವಾಗ ಪಕ್ಕದ ಮನೆಯವನೊಬ್ಬ ಎಂಟು ನಿಮಿಷ ತಡವಾಗಿ ಬಂದದ್ದಕ್ಕೆ ನನ್ನ ಎದೆ ಏಕೆ ಹೊಡೆದುಕೊಳ್ಳಬೇಕಿತ್ತು? ಅದನ್ನು ವಿವರಿಸಲು ಆ ಮನೆಯವರ ಪರಿಚಯ ಮಾಡಿಕೊಡಬೇಕು. ಅವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯುತ್ತಿದ್ದೇನೆ.

ಎಜ್ರಾ ಮತ್ತು ಲೇಯಾ ಕಾರವಾರದ ಶಿರವಾಡದಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದದ್ದು ೨೦೦೫ರಲ್ಲಿ. ಮುಂಬಯಿ ಪಕ್ಕದ ಠಾಣೆ ಊರಿನವರು, ಮನೆಮಾತು ಮರಾಠಿ, ಅಡ್ಡಹೆಸರಿನ ಕೊನೆಗೊಂದು 'ಕರ್'. ನಮ್ಮವರೇ ಎಂದುಕೊಳ್ಳಲು ನಮ್ಮ ಊರಿಗೆ ಅಷ್ಟು ಸಾಕು. ನನ್ನ ಹೆಂಡತಿ ಸುಮತಿ ಮೊದಲ ದಿನವೇ ಬೇಲಿಯ ಹತ್ತಿರ ನಿಂತು, "ನಿಮ್ದು ಯಾವ ಮಠ?" ಎಂದು ಕೇಳಿದಳು.

"ನಮ್ಗೆ ಮಠ ಇಲ್ಲ ಕಾಕಿ. ನಾವು ಯಹೂದಿಗಳು," ಎಂದ ಎಜ್ರಾ.

ಸುಮತಿ ಒಂದು ಕ್ಷಣ ಯೋಚಿಸಿ, ಅತಿ ಮುಖ್ಯವಾದ ಪ್ರಶ್ನೆಗೆ ನೇರವಾಗಿ ಬಂದಳು: "ಮೀನು ತಿಂತ್ರಿ ಅಲ್ವಾ?"

"ಮೈಮೇಲೆ ಹುರುಪೆ, ಪೊರೆ ಇರೂ ಮೀನು ತಿಂತೇವೆ. ಸಿಗಡಿ, ಏಡಿ ನಡೆಯೂದಿಲ್ಲ."

"ಅಯ್ಯೋ ಪಾಪ! ಸಿಗಡಿ ತಿನ್ನೂಕಾಗದವ್ರಿಗೆ ಕಾರವಾರಕ್ಕೆ ವರ್ಗ ಮಾಡೂದು ಅಂದ್ರೆ ಎಂಥಾ ಶಿಕ್ಷೆ ಮಾರಾಯ್ರೆ," ಎಂದು ಅವಳು ಆ ಸಂಜೆಯೆಲ್ಲ ಮರುಗಿದಳು.

ಕೊಂಕಣ ತೀರದ ಈ ಯಹೂದಿಗಳು ತಮ್ಮನ್ನು ಬೆನೆ ಇಸ್ರೇಲ್ ಎಂದು ಕರೆದುಕೊಳ್ಳುತ್ತಾರೆ. ಹಡಗು ಒಡೆದು ದಡ ಸೇರಿದ ಕೆಲವೇ ಜನರ ಸಂತತಿ ತಾವೆಂಬುದು ಅವರ ನಂಬಿಕೆ. ಯಾವ ಶತಮಾನದಲ್ಲಿ ಎಂಬುದಕ್ಕೆ ಹಲವು ಉತ್ತರಗಳಿವೆ, ಅವುಗಳಲ್ಲಿ ಒಂದಕ್ಕೂ ನಾನು ಸಹಿ ಹಾಕಲಾರೆ. ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸಿ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎನ್ನುತ್ತಿದ್ದರು. ಭಾಷೆ ಮರಾಠಿಯಾಯಿತು, ಅಡುಗೆಗೆ ತೆಂಗಿನಕಾಯಿ ಬಂತು, ಉಡುಪು ಸೀರೆಯಾಯಿತು. ಆದರೆ ಆ ಒಂದು ದಿನವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಆ ದಿನ ಹುಟ್ಟುವುದು ಶನಿವಾರ ಬೆಳಿಗ್ಗೆಯಲ್ಲ, ಶುಕ್ರವಾರದ ಸೂರ್ಯಾಸ್ತಕ್ಕೆ. ನಮ್ಮ ಕಥೆಯ ತೊಡಕೆಲ್ಲ ಇದರೊಳಗೇ ಇದೆ.

ಎಜ್ರಾನ ಕೆಲಸ ಬೇಲೆಕೇರಿಯ ಬಂದರಿನಲ್ಲಿ. ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಬಾರ್ಜು ಎಂಬ ಚಪ್ಪಟೆ ದೋಣಿಗಳಲ್ಲಿ ಹೋಗುವ ಕಬ್ಬಿಣದ ಅದಿರಿನ ಮಾದರಿ ತೆಗೆಯುವುದು, ಹಡಗು ನೀರಿನಲ್ಲಿ ಎಷ್ಟು ಇಳಿದಿದೆಯೆಂದು ನೋಡಿ ತೂಕ ನಿರ್ಧರಿಸುವುದು. ಸಂಜೆ ಬೈಕಿನಲ್ಲಿ ಮರಳುವಾಗ ಅವನ ಅಂಗಿ, ಹುಬ್ಬು, ಕಿವಿಯ ಹಾಲೆ ಎಲ್ಲ ಕೆಂಪು. ಹಡಗಿಗೆ ಶುಕ್ರವಾರವೆಂಬುದಿಲ್ಲ. ಲೇಯಾಳಿಗೋ ಶುಕ್ರವಾರ ಸಂಜೆಯೆಂದರೆ ತವರಿನ ತುಂಬಿದ ಮನೆ, ಗಾಜಿನ ಲೋಟದ ನೀರಿನ ಮೇಲೆ ಎಣ್ಣೆ ತೇಲಿಸಿ ಹಚ್ಚಿದ ದೀಪ, ದೊಡ್ಡ ದನಿಯ ಹಾಡು. ಇಲ್ಲಿ ಅವಳೊಬ್ಬಳು, ದೀಪವೊಂದು. ಗಂಡ ಬಂದಾಗ ದೀಪದ ಎಣ್ಣೆ ಅರ್ಧಕ್ಕಿಳಿದಿರುತ್ತಿತ್ತು.

ಆಮೇಲೆ ಜಗಳ. ನಮ್ಮೆರಡು ಮನೆಗಳ ನಡುವಿನ ಅಂತರ ಹನ್ನೊಂದು ಅಡಿ, ಅಳೆದು ನೋಡಿದ್ದೇನೆ. ಆದ್ದರಿಂದ ಕೇಳಿಸಲಿಲ್ಲವೆಂದು ಹೇಳಲಾರೆ.

"ಸೂರ್ಯ ಇತ್ತು! ನಾನು ಸಮುದ್ರದ ಮೇಲೆ ಕಣ್ಣಾರೆ ನೋಡ್ಕೊಂಡೇ ಬಂದೆ."

"ಇಲ್ಲಿ ಇರ್ಲಿಲ್ಲ. ನಾನೂ ಕಣ್ಣಾರೆ ನೋಡಿದ್ದೇ. ಆರು ದಿವಸ ಹಡಗಿಂದು, ಒಂದು ಸಂಜೆ ನಂದು. ಅಷ್ಟೂ ಕೊಡೂಕಾಗೂದಿಲ್ಲ ನಿಂಗೆ?"

ಇಬ್ಬರೂ ಹೇಳುತ್ತಿದ್ದುದು ನಿಜವೇ. ಕಡಲ ಮೇಲೆ ಕಾಣುವ ಸೂರ್ಯನನ್ನು ಶಿರವಾಡದಲ್ಲಿ ಗುಡ್ಡ ಮೊದಲೇ ನುಂಗಿಬಿಡುತ್ತದೆ. ಬೇಲಿ ದಾಟಿ ಹೋಗಿ ಇದನ್ನು ಚಿತ್ರ ಬರೆದು ವಿವರಿಸಬೇಕೆಂದು ಎದ್ದವನನ್ನು ಸುಮತಿ ಕೈ ಹಿಡಿದು ಕೂರಿಸಿದಳು.

೨೦೦೬ರ ಮಳೆಗಾಲ ಮುಗಿಯುವ ಹೊತ್ತಿಗೆ ಲೇಯಾ ತವರಿಗೆ ಹೋಗಿಬಿಡುವ ಮಾತಾಡತೊಡಗಿದಳು. ಆಗ ಠಾಣೆಯಿಂದ ಬಂದವರು ಸಿಪೋರಾ ಬಾಯಿ. ನಿವೃತ್ತ ಮುಖ್ಯಾಧ್ಯಾಪಕಿ, ದಾಂಪತ್ಯದ ಆಪ್ತಸಲಹೆಯಲ್ಲಿ ತರಬೇತಿ ಪಡೆದು, ತಮ್ಮ ಸಮಾಜದ ಎಳೆಯ ದಂಪತಿಗಳನ್ನು ಮದುವೆಗೆ ಮೊದಲೂ ಅನಂತರವೂ ಕೂರಿಸಿ ಮಾತಾಡಿಸುವುದನ್ನೇ ಕಾಯಕ ಮಾಡಿಕೊಂಡವರು. ಅವರು ಬಂದದ್ದು ಸೆಪ್ಟೆಂಬರಿನ ಕೊನೆಯ ವಾರ. ಯಹೂದಿಗಳ ಹೊಸ ವರ್ಷಕ್ಕೂ ಪ್ರಾಯಶ್ಚಿತ್ತದ ಉಪವಾಸಕ್ಕೂ ನಡುವಿನ ಹತ್ತು ದಿನಗಳು ಆ ವರ್ಷ ಸೆಪ್ಟೆಂಬರ್ ೨೩ರಿಂದ ಅಕ್ಟೋಬರ್ ೨ರವರೆಗೆ ಬಿದ್ದಿದ್ದವು. ಮನುಷ್ಯರು ಮನುಷ್ಯರೊಡನೆ ಇರುವ ಮನಸ್ತಾಪಗಳನ್ನು ತೀರಿಸಿಕೊಂಡು ಅನಂತರವೇ ದೇವರ ಮುಂದೆ ನಿಲ್ಲಬೇಕಾದ ಅವಧಿ ಅದು. ಬಾಯಿಯವರ ಬಾಯಲ್ಲಿ ಪದೇಪದೇ ಬರುತ್ತಿದ್ದ ಮಾತು 'ಶಾಲೋಮ್ ಬಾಯಿತ್', ಮನೆಯೊಳಗಿನ ಶಾಂತಿ.

ಅವರ ಪದ್ಧತಿ ಸರಳ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಿ, 'ಸರಿಯಾಯ್ತಾ?' ಎಂದು ಕೇಳಿ, ಹೌದೆನಿಸಿಕೊಂಡ ಮೇಲೆಯೇ ತಮ್ಮ ಉತ್ತರ ಕೊಡಬೇಕು. ಹನ್ನೊಂದು ಅಡಿ ದೂರದಿಂದ ಸುಮತಿ ಇದನ್ನು ಎರಡೇ ದಿನದಲ್ಲಿ ಕಲಿತಳು.

"ಚಹಾ ಆರಿಹೋಗಿದೆ," ಎಂದರೆ ಸಾಕು, ಸೆರಗು ಸರಿಮಾಡಿಕೊಂಡು ಎದುರು ಕೂರುವಳು: "ಅಂದ್ರೆ ನೀವು ಹೇಳೂದು, ನಾನು ಚಾ ಕೊಟ್ಟು ಅರ್ಧ ತಾಸಾಯ್ತು, ನೀವು ಕಾಗದದಿಂದ ತಲೆ ಎತ್ಲಿಲ್ಲ ಅಂತ. ಸರಿಯಾಯ್ತಾ?" ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ನಾನು ಅಷ್ಟು ಸಲ 'ಸರಿಯಾಯ್ತು' ಎಂದದ್ದಿಲ್ಲ.

ಮೂರನೆಯ ದಿನ ಸಿಪೋರಾ ಬಾಯಿ ನಮ್ಮ ಜಗಲಿಗೆ ಬಂದರು. ಅವರ ಮರಾಠಿಯನ್ನು ನನ್ನ ಕನ್ನಡದಲ್ಲಿ ಕೊಡುತ್ತೇನೆ.

"ನಮ್ಮ ಜನ ಎಷ್ಟು ಕಡಿಮೆಯೆಂದರೆ, ಠಾಣೆಯಲ್ಲಿ ಒಬ್ಬರು ಸೀನಿದರೆ ಪನ್ವೇಲಿನಲ್ಲಿ ಇನ್ನೊಬ್ಬರು ಕಷಾಯಕ್ಕೆ ಇಡುತ್ತಾರೆ. ಈ ಹುಡುಗ ನನ್ನ ಭಾವನ ಮೊಮ್ಮಗ. ಈ ಹುಡುಗಿಯ ತಾಯಿಗೆ ನಾನೇ ಗಣಿತ ಕಲಿಸಿದ್ದು. ನಾನು ಏನು ಹೇಳಿದರೂ ಪಕ್ಷಪಾತ. ನನಗೊಬ್ಬ ಸಾಕ್ಷಿ ಬೇಕು. ನೀವು ಯಾರಿಗೂ ಏನೂ ಆಗಬೇಕಾದವರಲ್ಲ. ಅದೇ ನಿಮ್ಮ ಅರ್ಹತೆ."

ಅವರಲ್ಲಿ ಮದುವೆಯ ಕರಾರುಪತ್ರಕ್ಕೆ ಸಂಬಂಧಿಕರಲ್ಲದ ಇಬ್ಬರು ಸಾಕ್ಷಿಗಳು ಬೇಕು. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಸಮಾಜದಲ್ಲಿ ಅಂಥವರನ್ನು ಹುಡುಕುವುದೇ ಒಂದು ಸಂಶೋಧನೆ. "ಆ ಪತ್ರಕ್ಕೆ ನೀವು ನಡೆಯುವುದಿಲ್ಲ, ನಮ್ಮವರೇ ಆಗಬೇಕು," ಎಂದರು ಬಾಯಿ. "ಇದು ಶಾಸ್ತ್ರವಲ್ಲ, ನನ್ನ ಏರ್ಪಾಡು."

ಏರ್ಪಾಡು ಹೀಗಿತ್ತು. ಅಕ್ಟೋಬರ್ ೬ರಿಂದ ನವೆಂಬರ್ ೧೭ರವರೆಗೆ ಏಳು ಶುಕ್ರವಾರ ಎಜ್ರಾ ಸೂರ್ಯಾಸ್ತಕ್ಕೆ ಮೊದಲು ಮನೆಯಲ್ಲಿರಬೇಕು. ಅವನು ಬಂದ ವೇಳೆಯನ್ನು ನಾನು ಒಂದು ಪುಸ್ತಕದಲ್ಲಿ ಬರೆಯಬೇಕು. ಅದರ ಕೆಳಗೆ ಇಬ್ಬರೂ 'ಒಪ್ಪಿಗೆ' ಎಂದು ಸಹಿ ಹಾಕಬೇಕು. ಒಂದು ಶುಕ್ರವಾರ ತಪ್ಪಿದರೂ ಲೇಯಾ ತವರಿಗೆ ಹೋಗಬಹುದು, ಯಾರೂ ತಡೆಯಕೂಡದು.

"ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ?" ಎಂದೆ.

"ಮನೆಯ ಶಾಂತಿಗಾಗಿ ಮಾತನ್ನು ಕೊಂಚ ಬಾಗಿಸಬಹುದೆಂದು ನಮ್ಮ ಹಿರಿಯರು ಅನುಮತಿ ಕೊಟ್ಟಿದ್ದಾರೆ."

ನನಗೆ ಸಿಟ್ಟು ಬಂತು. "ಬಾಯಿಯವರೇ, ಮಾತು ಬಾಗಬಹುದು. ದಾಖಲೆ ಬಾಗುವುದಿಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. "ಹಾಗಾದರೆ ನೀವೇ ಸರಿಯಾದ ಮನುಷ್ಯ," ಎಂದರು.

ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಗುರುವಾರ ಸಂಜೆಯಿಂದಲೇ ಕೈಗಡಿಯಾರವನ್ನು ರೇಡಿಯೊ ವಾರ್ತೆಗೆ ಮೂರು ಮೂರು ಸಲ ಹೊಂದಿಸುವುದು. ಶುಕ್ರವಾರ ಐದು ಗಂಟೆಗೆ ಅಂಗಳಕ್ಕಿಳಿದು, ಗಿಡಗಳಿಗೆ ನೀರು ಹಾಕುವವನಂತೆ ನಟಿಸುತ್ತ ರಸ್ತೆಗೆ ಕಿವಿಯಾನುವುದು. ಒಂದೇ ದಾಸವಾಳಕ್ಕೆ ನಾಲ್ಕು ತಂಬಿಗೆ ನೀರು ಹೋದ ದಿನವುಂಟು. ನನ್ನನ್ನು ಹೆಚ್ಚು ಹೆದರಿಸಿದ್ದು ಪಂಚಾಂಗ. ಆ ಏಳು ವಾರಗಳಲ್ಲಿ ಕಾರವಾರದ ಸೂರ್ಯಾಸ್ತ ಆರೂ ಹತ್ತೊಂಬತ್ತರಿಂದ ಆರೂ ಒಂದಕ್ಕೆ ಇಳಿಯುತ್ತದೆ. ಅಂದರೆ ವಾರ ಕಳೆದಂತೆ ಎಜ್ರಾನ ಗಡುವು ತಾನಾಗಿ ಕಿರಿದಾಗುತ್ತಿತ್ತು; ಮಳೆ ನಿಂತದ್ದರಿಂದ ಬಂದರಿನಲ್ಲಿ ಹಡಗುಗಳೋ ಹೆಚ್ಚುತ್ತಿದ್ದವು. ಬಾಯಿಯವರು ಇದನ್ನು ಲೆಕ್ಕಿಸಿದ್ದರೋ ಇಲ್ಲವೋ ತಿಳಿಯದು. ನಾನು ಲೆಕ್ಕಿಸಿದ್ದೆ, ಯಾರಿಗೂ ಹೇಳುವ ಧೈರ್ಯವಾಗಲಿಲ್ಲ.

ಅಕ್ಟೋಬರ್ ೨೦, ನಮ್ಮಲ್ಲಿ ದೀಪಾವಳಿಯ ನೀರು ತುಂಬುವ ಸಂಜೆ. ಸುಮತಿ ಹಂಡೆಗೆ ಸುಣ್ಣದ ಪಟ್ಟೆ ಬಳಿಯುತ್ತ ಕರೆದಳು: "ಬರ್ರಿ, ಬಾವಿಯಿಂದ ನೀರು ಸೇದ್ಕೊಡ್ರಿ. ಅವ್ನು ಬರ್ತಾನೆ." "ಬರದಿದ್ದರೆ?" ಎಂದೆ. "ಬರದಿದ್ರೆ ನೀವು ನಿಂತಿದ್ದಕ್ಕೆ ಬರ್ತಾನಾ?" ಅವನು ಬಂದ, ಆರು ನಿಮಿಷ ಉಳಿದಿತ್ತು. ಮರುವಾರ ಐದು, ಅದರ ಮರುವಾರ ಮೂರು. ಆರನೆಯ ಶುಕ್ರವಾರ ಎರಡೇ ನಿಮಿಷ.

ಏಳನೆಯ ಶುಕ್ರವಾರ ಐದೂ ನಲವತ್ತಕ್ಕೆ ಲೇಯಾ ದೀಪ ಹಚ್ಚಿ, ಕೈಗಳಿಂದ ಕಣ್ಣು ಮುಚ್ಚಿ ಪ್ರಾರ್ಥಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಬಾಗಿಲ ಹಿಂದೆ ನೀಲಿ ಬಣ್ಣದ ಚೀಲ ಕಾಣುತ್ತಿತ್ತು. ಭಾನುವಾರದ ರೈಲಿಗೆ ಟಿಕೀಟು ಆಗಿದೆಯೆಂದು ಸುಮತಿ ಬೆಳಿಗ್ಗೆಯೇ ಹೇಳಿದ್ದಳು. ಆರು ಗಂಟೆ. ಆರೂ ಒಂದು. ಹೆದ್ದಾರಿಯಲ್ಲಿ ಲಾರಿಗಳ ಸದ್ದು ಮಾತ್ರ. ಆ ಹೊತ್ತು ಹಗಲಿಗೂ ಸೇರದ, ಇರುಳಿಗೂ ಸೇರದ ಹೊತ್ತು. ನಮ್ಮವರು ಅದನ್ನು ಗೋಧೂಳಿಯೆಂದು ಕರೆದು ಮದುವೆಗೆ ಶುಭವೆಂದರು, ಅವರ ಪಂಡಿತರು ಅದು ಯಾವ ದಿನಕ್ಕೆ ಸೇರಿದ್ದೆಂದು ತೀರ್ಮಾನಿಸಲಾಗದೆ ಸಂಶಯದ ಹೊತ್ತೆಂದು ಬಿಟ್ಟರು. ನನಗೆ ಸಂಶಯವಿರಲಿಲ್ಲ. ಕೈಯಲ್ಲಿ ಗಡಿಯಾರವಿತ್ತು.

ಆರೂ ಒಂಬತ್ತಕ್ಕೆ ಬೈಕು ಬಂತು. ಎಜ್ರಾ ತಲೆಯಿಂದ ಕಾಲಿನವರೆಗೆ ಕೆಂಪಗಾಗಿದ್ದ. ಬಾರ್ಜು, ಲಾರಿ, ಹಡಗು, ಯಾವುದರ ಹೆಸರನ್ನೂ ಅವನು ಎತ್ತಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಏದುಸಿರು ಬಿಡುತ್ತ, "ನೀನು ಹೇಳಿದ್ದು, ಆರು ದಿವಸ ಹಡಗಿಗೆ, ಒಂದು ಸಂಜೆ ನಿಂಗೆ ಅಂತ. ಸರಿಯಾಯ್ತಾ?" ಎಂದ.

ಲೇಯಾ ಮೆಟ್ಟಿಲಿನಿಂದ ಎದ್ದಳು. "ಸರಿಯಾಯ್ತು," ಎಂದಳು. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು. ಮೂರನೆಯವಳು ಸುಮತಿ.

ಇನ್ನು ಮುಂದಿನದು ನನ್ನ ನೆನಪು. ನಾನು ನಡುಗುವ ಕೈಯಿಂದ ೬-೦೯ ಎಂದು ಬರೆದೆ. ಲೇಯಾ ಓದಿದಳು, ಮೆಲ್ಲಗೆ ನಕ್ಕಳು, "ಎಂಟು ನಿಮಿಷಕ್ಕೆ ಠಾಣೆ ತನಕ ಯಾರು ಹೋಗೂದು ಕಾಕಾ?" ಎಂದಳು. ಚೀಲ ಒಳಗೆ ಹೋಯಿತು. ನಿಜವನ್ನು ಬರೆದರೂ ಮನೆ ಮುರಿಯುವುದಿಲ್ಲ ಎಂಬುದಕ್ಕೆ ಇದನ್ನು ದೃಷ್ಟಾಂತವಾಗಿ ನಾನು ಅಂಕೋಲೆಯ ಗೆಳೆಯರ ಕೂಟದಲ್ಲಿ ಎರಡು ಸಲ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಒಂದು ಸಲ ಹೇಳಿದ್ದೇನೆ. ಹೇಳುವಾಗ ನನ್ನ ಬೆನ್ನು ತುಸು ನೆಟ್ಟಗಾಗುತ್ತಿತ್ತೆಂದು ಸುಮತಿಯ ವರದಿ.

ದಂಪತಿಗಳು ಈಗ ಠಾಣೆಯಲ್ಲಿದ್ದಾರೆ, ಜೊತೆಯಾಗಿ. ಈ ಪ್ರಬಂಧಕ್ಕೆ ಕುಳಿತಾಗ, ನೆನಪನ್ನೇ ನೆಚ್ಚಿ ಬರೆಯುವ ಅಭ್ಯಾಸವಿಲ್ಲದ ಕಾರಣ, ಅವರ ಬಳಿಯೇ ಉಳಿದಿರುವ ಸಾಕ್ಷಿ ಪುಸ್ತಕದ ಪುಟಗಳನ್ನು ನಕಲು ಮಾಡಿಸಿ ಕಳಿಸೆಂದು ಲೇಯಾಳನ್ನು ಫೋನಿನಲ್ಲಿ ಕೇಳಿದೆ.

"ಬರೀರಿ ಕಾಕಾ, ಅಡ್ಡಿಲ್ಲ," ಎಂದಳು. "ಆದ್ರೆ ನಾನು ಅವತ್ತು ನಗ್ಲಿಲ್ಲ. ಎಂಟು ನಿಮಿಷದ ಮಾತೂ ಆಡ್ಲಿಲ್ಲ. ನೀವು ಬರೆದಿದ್ದು ನೋಡ್ದೆ, ಪೆನ್ನು ಕೇಳ್ದೆ. ಅಷ್ಟೇ."

ಕಳೆದ ವಾರ ನಕಲು ಬಂತು. ಏಳನೆಯ ಸಾಲಿನಲ್ಲಿ ೫-೫೮ ಎಂದಿದೆ. ಭೂತಗನ್ನಡಿ ಹಿಡಿದು ನೋಡಿದೆ. ಅಂಕಿಗಳು ನನ್ನವೇ, ಬಾಲ ಎಳೆದ ಆ ಎಂಟನ್ನು ಬೇರೆ ಯಾರೂ ಬರೆಯುವುದಿಲ್ಲ. ಕೈ ನಡುಗಿದ ಗುರುತೂ ಇಲ್ಲ. ಕೆಳಗೆ ಎಜ್ರಾನ ಸಹಿ. ಅದರ ಪಕ್ಕ, ದೀಪ ಹಚ್ಚಿ ಬಂದು ಮೆಟ್ಟಿಲ ಮೇಲೆ ಕುಳಿತು ಸೂರ್ಯ ಮುಳುಗಿದ್ದನ್ನು ಕಂಡಿದ್ದವಳು, ಸ್ಫುಟವಾದ ಮರಾಠಿ ಅಕ್ಷರದಲ್ಲಿ 'ಒಪ್ಪಿಗೆ' ಎಂದು ಬರೆದಿದ್ದಾಳೆ. ಅಂದು ಊಟ ಏಕೆ ಸೇರಲಿಲ್ಲವೆಂಬುದು ನನಗೆ ಈಗ ತಿಳಿಯಿತು.

ನಕಲನ್ನು ಸುಮತಿಯ ಮುಂದಿಟ್ಟೆ. ಅವಳು ಅದನ್ನು ನೋಡಲೂ ಇಲ್ಲ. ಅಂದು ನನ್ನ ಹೆಗಲ ಹಿಂದೆಯೇ ನಿಂತಿದ್ದವಳು. ಸೆರಗು ಸರಿಮಾಡಿಕೊಂಡು ಎದುರು ಕುಳಿತಳು. "ಅಂದ್ರೆ ನೀವು ಹೇಳೂದು, ನಿಮ್ಮ ದಾಖಲೆನೂ ಬಾಗ್ತದೆ ಅಂತ. ಸರಿಯಾಯ್ತಾ?"

"ಸರಿಯಾಯ್ತು," ಎಂದೆ.

ದಿನಚರಿಯ ಆ ಪುಟದ ಅಂಚಿನಲ್ಲಿ ಇಂದು ಪೆನ್ಸಿಲಿನಿಂದ ಹೀಗೆ ನಮೂದಿಸಿದ್ದೇನೆ: "ಸಾಕ್ಷಿ ಪುಸ್ತಕದ ಪ್ರಕಾರ ೫-೫೮. ಎರಡೂ ಒಂದೇ ಕೈಬರಹ, ಒಂದೇ ಸಂಜೆಯವು. ಪುಸ್ತಕದ ಸಾಲಿಗೆ ಇಬ್ಬರ ಒಪ್ಪಿಗೆಯಿದೆ. ಈ ದಿನಚರಿಗೆ ಯಾರದೂ ಇಲ್ಲ."